ಕುಟುಂಬಕ್ಕಾಗಿ ಮಧ್ಯಮ ಗಾತ್ರದ ಕ್ರಾಸ್‌ಓವರ್ ಕಾರು: ಖರೀದಿಗೆ ಮುನ್ನ ಹೋಲಿಸಿ ನೋಡಬೇಕಾದ ಅಂಶಗಳು

ಹೊಸ ಕಾರಿನ ನೋಂದಣಿಗೆ ಅರ್ಜಿ ಸಲ್ಲಿಕೆಯಾಗುವ ವೇಳೆಗೆ ಖರೀದಿದಾರರು ಮಾದರಿಯನ್ನು ಆಯ್ಕೆ ಮಾಡಿ, ಮುಂಗಡ ಪಾವತಿಸಿ, ಬ್ಯಾಂಕಿನಿಂದ ಸಾಲವನ್ನೂ ಮಂಜೂರು ಮಾಡಿಸಿಕೊಂಡಿರುತ್ತಾರೆ. ಜೀವಾವಧಿ ತೆರಿಗೆ, ಉಪಕರ ಹಾಗೂ ವಿಮಾ ಕಂತಿನ ಪೂರ್ಣ ಮೊತ್ತವು ಆ ಹಂತದಲ್ಲಿ ತಿಳಿದುಬಂದರೆ ನಿರ್ಧಾರವನ್ನು ಬದಲಿಸುವುದು ಕಷ್ಟವಾಗುತ್ತದೆ. ಆದುದರಿಂದ ಕಾರನ್ನು ಕಾಯ್ದಿರಿಸುವುದಕ್ಕೆ ಮೊದಲೇ ಖರೀದಿದಾರರು ಪರಿಶೀಲಿಸಬೇಕಾದ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ. ಇಲ್ಲಿ ಕೆಲವು ಮಾದರಿಗಳ ಹೆಸರನ್ನು ಉದಾಹರಣೆಗಾಗಿ ಮಾತ್ರ ನೀಡಲಾಗಿದ್ದು, ಅದನ್ನು ಯಾವುದೇ ತಯಾರಕರ ಪರವಾದ ಶಿಫಾರಸು ಎಂದು ಭಾವಿಸಬಾರದು.

1. ಕ್ರಾಸ್‌ಓವರ್ ಎಂದರೇನು?

ಸಾಮಾನ್ಯ ಕಾರಿನ ಅಡಿಪಾಯದ ಮೇಲೆ, ಎತ್ತರದ ಆಸನ ಮತ್ತು ನೆಲದಿಂದ ಹೆಚ್ಚಿನ ಅಂತರವಿರುವಂತೆ ನಿರ್ಮಿಸಿದ ವಾಹನವನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಜೀಪಿನ ಮಾದರಿಯ ವಾಹನಗಳಲ್ಲಿ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಲಾಗುತ್ತದೆ. ಕ್ರಾಸ್‌ಓವರ್‌ನಲ್ಲಿ ಚೌಕಟ್ಟು ಮತ್ತು ಒಡಲು ಒಂದೇ ಆಗಿರುತ್ತವೆ. ಈ ಕಾರಣದಿಂದ ಅದರ ತೂಕ ಕಡಿಮೆ, ಇಂಧನ ಬಳಕೆ ಮಿತ, ಓಡಾಟ ಕಾರಿನಂತೆಯೇ ಹಗುರ. ಭಾರತದಲ್ಲಿ 2012ರಲ್ಲಿ ರೆನೋ ಡಸ್ಟರ್ ಹಾಗೂ 2015ರಲ್ಲಿ ಹ್ಯುಂಡೈ ಕ್ರೆಟಾ ಬಿಡುಗಡೆಯಾದ ನಂತರ ಈ ವರ್ಗವು ಕುಟುಂಬಗಳಲ್ಲಿ ಜನಪ್ರಿಯವಾಯಿತು.

ಜಾಹೀರಾತಿನಲ್ಲಿ ವಾಹನವನ್ನು ಕ್ರಾಸ್‌ಓವರ್ ಎಂದಾಗಲಿ, ಎಸ್‌ಯುವಿ ಎಂದಾಗಲಿ ಕರೆದಿರಬಹುದು. ತೆರಿಗೆ ಮತ್ತು ವಿಮೆಯ ಲೆಕ್ಕಕ್ಕೆ ಆ ಹೆಸರು ಬರುವುದಿಲ್ಲ. ಲೆಕ್ಕಕ್ಕೆ ಬರುವುದು ವಾಹನದ ಉದ್ದ, ಇಂಧನದ ವಿಧ, ಇಂಜಿನ್ ಸಾಮರ್ಥ್ಯ ಮತ್ತು ಬೆಲೆ. ಈ ನಾಲ್ಕನ್ನು ತಿಳಿದುಕೊಂಡರೆ ಹೋಲಿಕೆಯ ಅರ್ಧ ಕೆಲಸ ಮುಗಿದಂತೆ.

2. ನಾಲ್ಕು ಮೀಟರ್ ಉದ್ದದ ಗಡಿ

22-09-2025ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ ದರಗಳಂತೆ ಕಾರುಗಳನ್ನು ಮುಖ್ಯವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಗಿದೆ.

ಅ) ಉದ್ದ 4000 ಮಿ.ಮೀ. ಮೀರದ, ಪೆಟ್ರೋಲ್, ಸಿಎನ್‌ಜಿ ಅಥವಾ ಎಲ್‌ಪಿಜಿ ಆದಲ್ಲಿ 1200 ಸಿ.ಸಿ. ಹಾಗೂ ಡೀಸೆಲ್ ಆದಲ್ಲಿ 1500 ಸಿ.ಸಿ. ಮೀರದ ಕಾರುಗಳಿಗೆ ಶೇ. 18.
ಆ) ಈ ಮಿತಿಗಳನ್ನು ಮೀರಿದ ಕಾರುಗಳಿಗೆ ಶೇ. 40.

ವಿದ್ಯುತ್ ಚಾಲಿತ ಕಾರುಗಳಿಗೆ ಶೇ. 5ರ ದರ ಮುಂದುವರಿದಿದೆ. ಹಿಂದೆ ಇದ್ದ ಪರಿಹಾರ ಉಪಕರವು ಕಾರುಗಳಿಗೆ ಈಗ ಅನ್ವಯವಾಗುವುದಿಲ್ಲ.

ಉದ್ದ ಮತ್ತು ಇಂಜಿನ್ ಎರಡೂ ಷರತ್ತುಗಳು ಒಟ್ಟಿಗೆ ಪೂರೈಕೆಯಾಗತಕ್ಕದ್ದು. ಉದಾಹರಣೆಗೆ, ಮಾರುತಿ ಬ್ರೆಝಾ ಕಾರಿನ ಉದ್ದ 3995 ಮಿ.ಮೀ. ಆಗಿದ್ದರೂ ಅದರ ಪೆಟ್ರೋಲ್ ಇಂಜಿನ್ 1462 ಸಿ.ಸಿ. ಆಗಿರುವುದರಿಂದ ಅದು ಎರಡನೇ ಗುಂಪಿಗೆ ಸೇರುತ್ತದೆ. ಮಧ್ಯಮ ಗಾತ್ರದ ಕ್ರಾಸ್‌ಓವರ್‌ಗಳ ಉದ್ದವು ಸಾಮಾನ್ಯವಾಗಿ 4200ರಿಂದ 4400 ಮಿ.ಮೀ. ಇರುವುದರಿಂದ, ವಿದ್ಯುತ್ ಚಾಲಿತವಲ್ಲದ ಅವೆಲ್ಲವೂ ಶೇ. 40ರ ಗುಂಪಿಗೇ ಸೇರುತ್ತವೆ.

3. ಜೀವಾವಧಿ ತೆರಿಗೆ

ಕರ್ನಾಟಕದಲ್ಲಿ ಖಾಸಗಿ ಕಾರುಗಳಿಗೆ ನೋಂದಣಿಯ ಸಮಯದಲ್ಲಿ ಒಂದೇ ಕಂತಿನಲ್ಲಿ ಜೀವಾವಧಿ ತೆರಿಗೆಯನ್ನು ವಸೂಲು ಮಾಡಲಾಗುತ್ತದೆ. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ 2025ರಲ್ಲಿ ಜಾರಿಯಲ್ಲಿದ್ದ ದರಗಳು ಈ ಕೆಳಕಂಡಂತಿವೆ.

- ವಾಹನದ ಬೆಲೆ ರೂ. 5 ಲಕ್ಷದವರೆಗೆ: ಶೇ. 13
- ರೂ. 5 ಲಕ್ಷ ಮೀರಿ ರೂ. 10 ಲಕ್ಷದವರೆಗೆ: ಶೇ. 14
- ರೂ. 10 ಲಕ್ಷ ಮೀರಿ ರೂ. 20 ಲಕ್ಷದವರೆಗೆ: ಶೇ. 17
- ರೂ. 20 ಲಕ್ಷ ಮೀರಿದಲ್ಲಿ: ಶೇ. 18

ತೆರಿಗೆಯ ಮೊತ್ತದ ಮೇಲೆ ಶೇ. 11ರಷ್ಟು ಉಪಕರವೂ ಸೇರುತ್ತದೆ. ಇಲ್ಲಿ ಖರೀದಿದಾರರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಆದಾಯ ತೆರಿಗೆಯಲ್ಲಿ ಮಿತಿಯನ್ನು ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಅನ್ವಯವಾಗುತ್ತದೆ. ಜೀವಾವಧಿ ತೆರಿಗೆಯಲ್ಲಿ ಹಾಗಲ್ಲ. ಬೆಲೆಯು ಮಿತಿಯನ್ನು ದಾಟಿದೊಡನೆ ಪೂರ್ಣ ಬೆಲೆಗೆ ಹೆಚ್ಚಿನ ದರ ಅನ್ವಯವಾಗುತ್ತದೆ.

ಉದಾಹರಣೆ 1: ರೂ. 19,90,000/- ಬೆಲೆಯ ಕಾರಿಗೆ ತೆರಿಗೆ ರೂ. 3,38,300/- ಮತ್ತು ಉಪಕರ ರೂ. 37,213/-, ಒಟ್ಟು ರೂ. 3,75,513/-. ಅದೇ ಕಾರಿನ ಮೇಲಿನ ಶ್ರೇಣಿಯ ಬೆಲೆ ರೂ. 20,40,000/- ಆಗಿದ್ದಲ್ಲಿ ತೆರಿಗೆ ರೂ. 3,67,200/- ಮತ್ತು ಉಪಕರ ರೂ. 40,392/-, ಒಟ್ಟು ರೂ. 4,07,592/-. ರೂ. 50,000/- ಬೆಲೆಯ ಹೆಚ್ಚುವರಿ ಸೌಲಭ್ಯಕ್ಕಾಗಿ ಖರೀದಿದಾರರು ವಾಸ್ತವವಾಗಿ ರೂ. 82,079/- ಹೆಚ್ಚು ತೆರುತ್ತಾರೆ.

ಉದಾಹರಣೆ 2: ತೆರಿಗೆಗೆ ಮುನ್ನ ತಲಾ ರೂ. 8,00,000/- ಬೆಲೆಯ ಎರಡು ಕಾರುಗಳಿವೆ ಎಂದಿಟ್ಟುಕೊಳ್ಳೋಣ. ಒಂದು ಶೇ. 18ರ ಗುಂಪಿನದು, ಇನ್ನೊಂದು ಶೇ. 40ರ ಗುಂಪಿನದು. ಮೊದಲನೆಯದರ ಮಾರಾಟ ಬೆಲೆ ರೂ. 9,44,000/- ಆಗಿ, ಜೀವಾವಧಿ ತೆರಿಗೆ ಮತ್ತು ಉಪಕರ ರೂ. 1,46,698/- ಸೇರಿ ಒಟ್ಟು ರೂ. 10,90,698/- ಆಗುತ್ತದೆ. ಎರಡನೆಯದರ ಮಾರಾಟ ಬೆಲೆ ರೂ. 11,20,000/- ಆಗಿ, ಜೀವಾವಧಿ ತೆರಿಗೆ ಮತ್ತು ಉಪಕರ ರೂ. 2,11,344/- ಸೇರಿ ಒಟ್ಟು ರೂ. 13,31,344/- ಆಗುತ್ತದೆ. ವ್ಯತ್ಯಾಸವಾದ ರೂ. 2,40,646/- ಪೂರ್ಣವಾಗಿ ತೆರಿಗೆಯೇ ಆಗಿದೆ. ದೊಡ್ಡ ಕಾರಿನ ಹೆಚ್ಚಿನ ಸ್ಥಳಾವಕಾಶವು ಕುಟುಂಬಕ್ಕೆ ನಿಜವಾಗಿ ಅಗತ್ಯವಿದೆಯೇ ಎಂಬುದನ್ನು ಈ ಮೊತ್ತವನ್ನು ಮುಂದಿಟ್ಟುಕೊಂಡು ನಿರ್ಧರಿಸುವುದು ಸೂಕ್ತ.

ಬೆಲೆ ರೂ. 10 ಲಕ್ಷ ಮೀರಿದ ವಾಹನಗಳ ಮಾರಾಟದ ಸಮಯದಲ್ಲಿ ವಿತರಕರು ಶೇ. 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಸಂಗ್ರಹಿಸುತ್ತಾರೆ. ಇದು ಹೆಚ್ಚುವರಿ ವೆಚ್ಚವಲ್ಲ. ಪ್ಯಾನ್ ಸಂಖ್ಯೆಯನ್ನು ಸರಿಯಾಗಿ ನೀಡಿದ್ದಲ್ಲಿ ಆದಾಯ ತೆರಿಗೆ ವಿವರಣೆ ಸಲ್ಲಿಸುವಾಗ ಈ ಮೊತ್ತವನ್ನು ಹೊಂದಾಣಿಕೆ ಮಾಡಿಕೊಳ್ಳಬಹುದು ಅಥವಾ ಮರುಪಾವತಿ ಪಡೆಯಬಹುದು.

4. ವಿಮೆ

ಹೊಸ ಖಾಸಗಿ ಕಾರುಗಳಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆಯು 01-09-2018ರಿಂದ ಕಡ್ಡಾಯವಾಗಿದೆ. 01-06-2022ರಿಂದ ಜಾರಿಗೆ ಬಂದ ದರದಂತೆ, ಇಂಜಿನ್ ಸಾಮರ್ಥ್ಯ 1000 ಸಿ.ಸಿ. ಮೀರಿ 1500 ಸಿ.ಸಿ. ಒಳಗಿದ್ದರೆ ಮೂರು ವರ್ಷಗಳಿಗೆ ರೂ. 10,640/-, 1500 ಸಿ.ಸಿ. ಮೀರಿದ್ದರೆ ರೂ. 24,596/-. ಇದರ ಮೇಲೆ ಸರಕು ಮತ್ತು ಸೇವಾ ತೆರಿಗೆ ಪ್ರತ್ಯೇಕ. ಮಧ್ಯಮ ಗಾತ್ರದ ಬಹುತೇಕ ಕ್ರಾಸ್‌ಓವರ್‌ಗಳ ಇಂಜಿನ್ 1500 ಸಿ.ಸಿ. ಒಳಗೇ ಇರುತ್ತದೆ. ಒಂದು ಮೆಟ್ಟಿಲು ದೊಡ್ಡದಾದ, 1956 ಸಿ.ಸಿ. ಡೀಸೆಲ್ ಇಂಜಿನ್‌ನ ಟಾಟಾ ಹ್ಯಾರಿಯರ್‌ನಂತಹ ವಾಹನದೊಂದಿಗೆ ಹೋಲಿಸುವಾಗ ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿಮೆಯನ್ನು ಕಾರು ಮಾರುವ ವಿತರಕರ ಮೂಲಕವೇ ಪಡೆಯಬೇಕೆಂಬ ನಿಯಮವಿಲ್ಲ. ಎರಡು ಮೂರು ಕಂಪನಿಗಳ ದರಪಟ್ಟಿಯನ್ನು ಹೋಲಿಸಬಹುದು. ಹಳೆಯ ಕಾರನ್ನು ಮಾರಿ ಹೊಸದನ್ನು ಕೊಳ್ಳುವವರು, ಹಳೆಯ ಪಾಲಿಸಿಯಲ್ಲಿ ಗಳಿಸಿದ ನೋ ಕ್ಲೇಮ್ ಬೋನಸ್ಸನ್ನು ಹೊಸ ಕಾರಿನ ಸ್ವಂತ ಹಾನಿ ವಿಮೆಗೆ ವರ್ಗಾಯಿಸಿಕೊಳ್ಳಬಹುದು. ಈ ರಿಯಾಯಿತಿಯು ಶೇ. 20ರಿಂದ ಶೇ. 50ರವರೆಗೆ ಇರುತ್ತದೆ. ಅದು ಮಾಲೀಕರಿಗೆ ಸೇರಿದ್ದೇ ಹೊರತು ವಾಹನಕ್ಕೆ ಸೇರಿದ್ದಲ್ಲ.

5. ಗಾತ್ರ ಮತ್ತು ಸ್ಥಳಾವಕಾಶ

ಹೊರಗಿನ ಉದ್ದವು ಒಳಗಿನ ಸ್ಥಳಾವಕಾಶದ ಅಳತೆಯಲ್ಲ. 2021ರಲ್ಲಿ ಬಿಡುಗಡೆಯಾದ ಸ್ಕೋಡಾ ಕುಶಾಕ್‌ನ ಉದ್ದ 4225 ಮಿ.ಮೀ., ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವಿನ ಅಂತರ 2651 ಮಿ.ಮೀ. 2022ರಲ್ಲಿ ಬಿಡುಗಡೆಯಾದ ಮಾರುತಿ ಗ್ರ್ಯಾಂಡ್ ವಿಟಾರಾದ ಉದ್ದ 4345 ಮಿ.ಮೀ. ಆದರೂ ಗಾಲಿಗಳ ಅಂತರ 2600 ಮಿ.ಮೀ. ಮಾತ್ರ. ಹಿಂದಿನ ಆಸನದಲ್ಲಿ ಕಾಲಿಗೆ ಸಿಗುವ ಜಾಗವು ಹೆಚ್ಚಾಗಿ ಈ ಅಂತರವನ್ನು ಮತ್ತು ಆಸನಗಳ ಜೋಡಣೆಯನ್ನು ಅವಲಂಬಿಸಿರುತ್ತದೆ.

ಆದ್ದರಿಂದ ಮನೆಯವರೆಲ್ಲರೂ ಒಟ್ಟಿಗೆ ಹೋಗಿ ಕುಳಿತು ನೋಡುವುದು ಉತ್ತಮ. ಹಿಂದಿನ ಆಸನದಲ್ಲಿ ಮೂವರು ವಯಸ್ಕರು ಭುಜ ತಾಗದಂತೆ ಕೂರಬಹುದೇ, ಮಂಡಿ ನೋವಿರುವ ಹಿರಿಯರು ಆಸರೆಯಿಲ್ಲದೆ ಹತ್ತಿ ಇಳಿಯಬಲ್ಲರೇ, ಊರಿಗೆ ಹೋಗುವಾಗಿನ ಸಾಮಾನುಗಳು ಡಿಕ್ಕಿಯಲ್ಲಿ ಹಿಡಿಸುತ್ತವೆಯೇ ಎಂಬುದನ್ನು ಪರೀಕ್ಷಿಸಬೇಕು. ಮನೆಯ ಗೇಟಿನ ಅಗಲ ಹಾಗೂ ನಿಲುಗಡೆ ಜಾಗದ ಉದ್ದವನ್ನು ಮೊದಲೇ ಅಳೆದುಕೊಂಡು ಹೋಗತಕ್ಕದ್ದು. ಅಗಲವನ್ನು ಹೋಲಿಸುವಾಗ ಪಕ್ಕದ ಕನ್ನಡಿಗಳನ್ನೂ ಸೇರಿಸಬೇಕು. ನೆಲದಿಂದ ಇರುವ ಅಂತರವನ್ನು ಕೆಲವು ತಯಾರಕರು ಖಾಲಿ ವಾಹನಕ್ಕೆ, ಕೆಲವರು ಭಾರ ತುಂಬಿದ ವಾಹನಕ್ಕೆ ನೀಡುತ್ತಾರೆ. ಎರಡನ್ನೂ ಒಂದೇ ಕ್ರಮದಲ್ಲಿ ಕೇಳಿ ಹೋಲಿಸಬೇಕು.

6. ಇಂಧನದ ಆಯ್ಕೆ

ಪೆಟ್ರೋಲ್ ಇಂಜಿನ್ ಜೊತೆಗೆ ವಿದ್ಯುತ್ ಮೋಟಾರು ಇರುವ ಸ್ಟ್ರಾಂಗ್ ಹೈಬ್ರಿಡ್ ಕಾರುಗಳು ಕಡಿಮೆ ಇಂಧನ ಬಳಸುತ್ತವೆ. ಗ್ರ್ಯಾಂಡ್ ವಿಟಾರಾ ಬಿಡುಗಡೆಯಾದಾಗ ಘೋಷಿಸಿದ ಪ್ರಮಾಣಿತ ಮೈಲೇಜು ಸ್ಟ್ರಾಂಗ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ., ಮ್ಯಾನುಯಲ್ ಗೇರಿನ ಮೈಲ್ಡ್ ಹೈಬ್ರಿಡ್‌ಗೆ 21.11 ಕಿ.ಮೀ. ಪ್ರಮಾಣಿತ ಪರೀಕ್ಷೆಯ ಅಂಕಿಗಳು ನಗರದ ಸಂಚಾರದಲ್ಲಿ ಸಾಮಾನ್ಯವಾಗಿ ದೊರೆಯುವುದಿಲ್ಲವಾದರೂ ಹೋಲಿಕೆಗೆ ಸಹಾಯಕವಾಗುತ್ತವೆ.

ಆದರೆ ಉಳಿತಾಯವು ವರ್ಷದ ಓಡಾಟವನ್ನು ಅವಲಂಬಿಸಿದೆ. ಸಾಮಾನ್ಯ ಕಾರು ಲೀಟರಿಗೆ 16 ಕಿ.ಮೀ., ಹೈಬ್ರಿಡ್ 24 ಕಿ.ಮೀ. ಓಡುತ್ತದೆ, ಪೆಟ್ರೋಲ್ ದರ ಲೀಟರಿಗೆ ರೂ. 100 ಎಂದು ಭಾವಿಸಿದರೆ, ವರ್ಷಕ್ಕೆ 12,000 ಕಿ.ಮೀ. ಓಡಿಸುವ ಕುಟುಂಬಕ್ಕೆ 250 ಲೀಟರ್, ಅಂದರೆ ರೂ. 25,000/- ಉಳಿಯುತ್ತದೆ. ಹೈಬ್ರಿಡ್‌ನ ಬೆಲೆ ರೂ. 2,50,000/- ಹೆಚ್ಚಿದ್ದು, ಶೇ. 17ರ ಜೀವಾವಧಿ ತೆರಿಗೆ ಹಾಗೂ ಉಪಕರ ಸೇರಿದರೆ ಹೆಚ್ಚುವರಿ ವೆಚ್ಚ ರೂ. 2,97,175/- ಆಗುತ್ತದೆ. ಇದು ಮರಳಿ ಬರಲು ಸುಮಾರು 12 ವರ್ಷಗಳು ಬೇಕು. ವರ್ಷಕ್ಕೆ 25,000 ಕಿ.ಮೀ. ಓಡಿಸುವವರಿಗೆ ಅದೇ ಮೊತ್ತ ಆರು ವರ್ಷಗಳೊಳಗೆ ಮರಳುತ್ತದೆ. ಹೈಬ್ರಿಡ್ ಬ್ಯಾಟರಿಯು ಕೆಲವು ಮಾದರಿಗಳಲ್ಲಿ ಡಿಕ್ಕಿಯ ಜಾಗವನ್ನು ಆಕ್ರಮಿಸುತ್ತದೆ ಎಂಬುದನ್ನೂ ಗಮನಿಸಬೇಕು.

7. ಸುರಕ್ಷತೆ

ಕಾರುಗಳ ಅಪಘಾತ ಪರೀಕ್ಷೆಗಾಗಿ ಭಾರತ್ ಎನ್‌ಕ್ಯಾಪ್ ಕಾರ್ಯಕ್ರಮವು 01-10-2023ರಿಂದ ಜಾರಿಗೆ ಬಂದಿದೆ. ಆ ಕ್ರಮದಂತೆ ವಯಸ್ಕರ ರಕ್ಷಣೆಗೆ 32 ಹಾಗೂ ಮಕ್ಕಳ ರಕ್ಷಣೆಗೆ 49 ಅಂಕಗಳಿದ್ದು, ಐದು ನಕ್ಷತ್ರ ಪಡೆಯಲು ಕನಿಷ್ಠ 27 ಮತ್ತು 41 ಅಂಕಗಳು ಬೇಕು. ಪರೀಕ್ಷೆಯು ತಯಾರಕರ ಇಚ್ಛೆಗೆ ಬಿಟ್ಟದ್ದಾದುದರಿಂದ ಎಲ್ಲ ಮಾದರಿಗಳಿಗೂ ಫಲಿತಾಂಶ ಲಭ್ಯವಿರುವುದಿಲ್ಲ. ನಕ್ಷತ್ರಗಳ ಸಂಖ್ಯೆಯನ್ನು ಮಾತ್ರ ನೋಡದೆ, ಪರೀಕ್ಷೆ ನಡೆದ ವರ್ಷ, ಪರೀಕ್ಷೆಗೆ ಒಳಪಟ್ಟ ಶ್ರೇಣಿ ಮತ್ತು ಮಕ್ಕಳ ರಕ್ಷಣೆಯ ಅಂಕಗಳನ್ನೂ ನೋಡಬೇಕು.

ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನದ ರಕ್ಷಣೆಯಿಲ್ಲದೆ ಕರೆದೊಯ್ದರೆ ಮೋಟಾರು ವಾಹನಗಳ ಅಧಿನಿಯಮದ ಕಲಂ 194ಬಿ ಪ್ರಕಾರ ರೂ. 1,000/- ದಂಡ ವಿಧಿಸಬಹುದು. ಚಿಕ್ಕ ಮಕ್ಕಳಿರುವ ಕುಟುಂಬಗಳು ಹಿಂದಿನ ಆಸನದಲ್ಲಿ ಮಕ್ಕಳ ಆಸನವನ್ನು ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಇವೆಯೇ, ಹಿಂದಿನ ಮೂರೂ ಸ್ಥಾನಗಳಿಗೆ ಭುಜವನ್ನೂ ಬಳಸಿ ಹಿಡಿಯುವ ಬೆಲ್ಟುಗಳಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬಜೆಟ್ ಸೀಮಿತವಾಗಿದ್ದಲ್ಲಿ, ತೆರೆಯುವ ಛಾವಣಿ ಅಥವಾ ದೊಡ್ಡ ಪರದೆಗಿಂತ ಇವುಗಳಿಗೆ ಆದ್ಯತೆ ನೀಡುವುದು ವಿವೇಕಯುತ.

8. ನೋಂದಣಿ

ರಾಜ್ಯದೊಳಗೆ ಕೊಂಡು ರಾಜ್ಯದಲ್ಲಿಯೇ ನೋಂದಾಯಿಸುವ ಹೊಸ ಕಾರಿನ ಅರ್ಜಿಯನ್ನು ವಿತರಕರೇ ಸಲ್ಲಿಸತಕ್ಕದ್ದು. ನಮೂನೆ 20ರ ಅರ್ಜಿ, ನಮೂನೆ 21ರ ಮಾರಾಟ ಪತ್ರ, ನಮೂನೆ 22ರ ಯೋಗ್ಯತಾ ಪತ್ರ, ವಿಮಾ ಪತ್ರ ಹಾಗೂ ವಿಳಾಸದ ದಾಖಲೆ ಮುಖ್ಯವಾದವು. ಸಹಿ ಮಾಡುವ ಮುನ್ನ ಹೆಸರು, ವಿಳಾಸ, ಚಾಸಿಸ್ ಸಂಖ್ಯೆ, ಇಂಜಿನ್ ಸಂಖ್ಯೆ ಹಾಗೂ ತಯಾರಾದ ತಿಂಗಳು ಮತ್ತು ವರ್ಷವನ್ನು ವಾಹನದೊಂದಿಗೆ ತಾಳೆ ನೋಡಬೇಕು. ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 81ರಂತೆ ಕಾರಿನ ನೋಂದಣಿ ಶುಲ್ಕ ರೂ. 600/-, ಸಾಲದ ಒಪ್ಪಂದವನ್ನು ನಮೂದಿಸಲು ರೂ. 1,500/-. ದರಪಟ್ಟಿಯಲ್ಲಿ "ನೋಂದಣಿ ವೆಚ್ಚ" ಎಂದು ದೊಡ್ಡ ಮೊತ್ತವಿದ್ದಲ್ಲಿ ಅದರ ಬಹುಭಾಗ ಜೀವಾವಧಿ ತೆರಿಗೆಯಾಗಿರಬೇಕು. ಉಳಿದ ಮೊತ್ತ ಯಾವುದಕ್ಕೆ ಎಂದು ವಿತರಕರನ್ನು ಕೇಳಿ, ಪ್ರತಿ ಬಾಬ್ತಿಗೂ ಪ್ರತ್ಯೇಕ ರಸೀದಿ ಪಡೆಯಬೇಕು. ಸಾಲ ತೀರಿದ ನಂತರ ಬ್ಯಾಂಕಿನ ನಿರಾಕ್ಷೇಪಣಾ ಪತ್ರದೊಂದಿಗೆ ನಮೂನೆ 35ನ್ನು ಸಲ್ಲಿಸಿ, ನೋಂದಣಿ ಪತ್ರದಲ್ಲಿನ ಸಾಲದ ನಮೂದನ್ನು ರದ್ದುಪಡಿಸಿಕೊಳ್ಳಲು ಮರೆಯಬಾರದು.

9. ಕಾಯ್ದಿರಿಸುವ ಮುನ್ನ ಬರೆದಿಟ್ಟುಕೊಳ್ಳಬೇಕಾದ ವಿವರಗಳು

ಆಯ್ಕೆಯಲ್ಲಿರುವ ಪ್ರತಿ ಕಾರಿಗೂ ಒಂದೊಂದು ಹಾಳೆಯಲ್ಲಿ ಈ ಕೆಳಕಂಡವುಗಳನ್ನು ಬರೆದುಕೊಳ್ಳುವುದು ಅನುಕೂಲಕರ.

- ಶ್ರೇಣಿಯ ಪೂರ್ಣ ಹೆಸರು, ಉದ್ದ, ಇಂಜಿನ್ ಸಾಮರ್ಥ್ಯ
- ಸರಕು ಮತ್ತು ಸೇವಾ ತೆರಿಗೆ ಸೇರಿದ ಮಾರಾಟ ಬೆಲೆ
- ಜೀವಾವಧಿ ತೆರಿಗೆ ಮತ್ತು ಉಪಕರ
- ಮೂರನೇ ವ್ಯಕ್ತಿ ವಿಮೆ ಹಾಗೂ ಸ್ವಂತ ಹಾನಿ ವಿಮೆ, ಪ್ರತ್ಯೇಕವಾಗಿ
- ವರ್ಷದ ಅಂದಾಜು ಓಡಾಟ ಮತ್ತು ಇಂಧನ ವೆಚ್ಚ
- ಸುರಕ್ಷತಾ ಅಂಕಗಳು ಮತ್ತು ಮಕ್ಕಳ ಆಸನದ ಸೌಲಭ್ಯ
- ಸಾಲದ ಮಾಸಿಕ ಕಂತು ಹಾಗೂ ಒಟ್ಟು ಬಡ್ಡಿ

ಈ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮಳಿಗೆಯಲ್ಲಿ ಹತ್ತಿರ ಹತ್ತಿರ ಕಂಡ ಎರಡು ಬೆಲೆಗಳ ನಡುವಿನ ನಿಜವಾದ ಅಂತರ ತಿಳಿಯುತ್ತದೆ. ತೆರಿಗೆ ಮತ್ತು ಶುಲ್ಕಗಳ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ಹಣ ಪಾವತಿಸುವ ಮುನ್ನ ಆ ದಿನದಂದು ಜಾರಿಯಲ್ಲಿರುವ ದರಗಳನ್ನು ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.