ಪಹಣಿಯ ಋಣವೂ ಕೋಷ್ಟಕಗಳ ಬಾಂಧವ್ಯವೂ

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ರೈತನ ಕೈಸೇರುವ ಪಹಣಿಯು ನೋಡುವುದಕ್ಕೆ ಒಂದೇ ಹಾಳೆಯಾದರೂ, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, 9ನೆಯ ಕಾಲಮಿನ ಖಾತೆದಾರ, 11ನೆಯ ಕಾಲಮಿನ ಋಣಭಾರ ಇವೆಲ್ಲವೂ ಬೇರೆಬೇರೆ ಕಾಲಗಳಲ್ಲಿ ಹುಟ್ಟಿ ಅಲ್ಲಿ ಒಂದೆಡೆ ಸೇರಿದಂಥವು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳನ್ನು ಬದಿಗೆ ಸರಿಸಿದಂದಿನಿಂದ, ದಾಖಲೆಯೊಂದನ್ನು ಅಳಿಸುವ ಶಾಸ್ತ್ರವು ನಮ್ಮ ಹಳ್ಳಿಗಳಿಗೂ ಸಂಬಂಧಿಸಿದ ವಿಷಯವಾಗಿದೆ.

ಗಣಕದಲ್ಲಿ ಒಂದು ಸಂಗತಿಯನ್ನು ಒಂದೇ ಸ್ಥಳದಲ್ಲಿ ಬರೆದು, ಉಳಿದೆಡೆ ಅದರ ಸಂಖ್ಯೆಯನ್ನು ಮಾತ್ರ ಸೂಚಿಸುವ ಈಗಿನ ಪದ್ಧತಿಯು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದುಬಂದುದು. ವಿವರಣೆಯ ಸೌಕರ್ಯಕ್ಕಾಗಿ, ‘ಹಿಡುವಳಿ’ ಮತ್ತು ‘ಋಣ’ ಎಂಬ ಎರಡು ಕೋಷ್ಟಕಗಳನ್ನು ಕಲ್ಪಿಸಿಕೊಳ್ಳೋಣ. ಋಣದ ಪ್ರತಿಯೊಂದು ಪಂಕ್ತಿಯಲ್ಲಿಯೂ ಹಿಡುವಳಿಯ ಸಂಖ್ಯೆಯುಂಟು, ತಾಲ್ಲೂಕಿನ ಹೆಸರಿಲ್ಲ. ಹೀಗಿರುವಲ್ಲಿ ‘ದೇವನಹಳ್ಳಿ ತಾಲ್ಲೂಕಿನ ಜಮೀನುಗಳ ಮೇಲಣ, ತೀರಿಹೋದ ಋಣಗಳನ್ನು ತೆಗೆ’ ಎಂದು ಆಜ್ಞಾಪಿಸಿದರೆ, ಅಳಿಸಬೇಕಾದುದು ಒಂದು ಕೋಷ್ಟಕದಲ್ಲಿಯೂ ಅಳಿಸುವುದಕ್ಕೆ ಆಧಾರವು ಇನ್ನೊಂದರಲ್ಲಿಯೂ ಇರುತ್ತದೆ. ಆದುದರಿಂದ ಮೊದಲು ದೇವನಹಳ್ಳಿಯ ಹಿಡುವಳಿಗಳ ಸಂಖ್ಯೆಗಳನ್ನು ಕೇಳಿ, ತೀರಿಹೋದ ಋಣಗಳಲ್ಲಿ ಯಾವುದರ ಹಿಡುವಳಿ ಸಂಖ್ಯೆಯು ಬಂದ ಪಟ್ಟಿಯೊಳಗೆ ಸೇರಿದೆಯೋ ಅದನ್ನಷ್ಟೇ ಅಳಿಸುವ ಉಪಪ್ರಶ್ನೆಯ ಮಾರ್ಗವನ್ನು ಸಾಮಾನ್ಯವಾಗಿ ಹಿಡಿಯಲಾಗುತ್ತದೆ.

ಇಂದಿನ ತಂತ್ರಾಂಶಕಾರರು ಈ ಆಜ್ಞೆಯನ್ನು ಬಹುಮಟ್ಟಿಗೆ ತಾವೇ ಬರೆಯುವುದಿಲ್ಲ, ಓ.ಆರ್.ಎಂ. ಎಂಬ ಮಧ್ಯವರ್ತಿ ತಂತ್ರಾಂಶಕ್ಕೆ ಒಪ್ಪಿಸುತ್ತಾರೆ. ಅಂಥ ಮಧ್ಯವರ್ತಿಯನ್ನು ಒಳಗೊಂಡ ಜ್ಯಾಂಗೊದಲ್ಲಿ ಹಿಡುವಳಿಯ ತಾಲ್ಲೂಕನ್ನು ಋಣದ ಮೂಲಕವೇ ಹೆಸರಿಸಿ ಅಳಿಸೆಂದರೆ ಉಪಪ್ರಶ್ನೆಯನ್ನು ಅದೇ ರಚಿಸಿಕೊಳ್ಳುತ್ತದೆ. ಅಂಥದೇ ಇನ್ನೊಂದಾದ ಎಸ್‌ಕ್ಯೂಎಲ್‌ಆಲ್ಕೆಮಿಯಾದರೋ, ಎರಡು ಕೋಷ್ಟಕಗಳನ್ನು ಜೋಡಿಸಿದ ಪ್ರಶ್ನೆಯ ಮೇಲೆಯೇ ಅಳಿಸಹೊರಟರೆ ಒಪ್ಪದೆ ದೋಷವನ್ನು ಸೂಚಿಸುತ್ತದೆ. ಈ ನಿರಾಕರಣೆಯನ್ನು ನಾನು ಉಪಕಾರವೆಂದೇ ಭಾವಿಸುತ್ತೇನೆ, ಏಕೆಂದರೆ ಅಳಿಸತಕ್ಕವು ಯಾವುವೆಂಬುದನ್ನು ಬರೆಯುವವನೇ ಬಿಡಿಸಿ ಹೇಳುವಂತೆ ಅದು ಮಾಡುತ್ತದೆ.

ಸಂಬಂಧದ ದಿಕ್ಕನ್ನು ಮರೆತರೆ ಅಪಾಯವು ಇನ್ನೂ ದೊಡ್ಡದು. ಋಣವನ್ನು ಅಳಿಸಿದರೆ ಹಿಡುವಳಿಗೆ ಕೇಡಿಲ್ಲ. ಹಿಡುವಳಿಯನ್ನು ಅಳಿಸಿದರೆ ಅದನ್ನು ಆಶ್ರಯಿಸಿದ ಋಣಗಳೂ ಮ್ಯುಟೇಷನ್ ವಿವರಗಳೂ ಸರಣಿಯಾಗಿ ಕೊಚ್ಚಿಹೋಗಬಹುದು. ಜ್ಯಾಂಗೊದ ಹಳೆಯ ಆವೃತ್ತಿಗಳಲ್ಲಿ ಏನನ್ನೂ ಹೇಳದಿದ್ದರೆ ಇದೇ ನಡೆಯುತ್ತಿತ್ತು. 2017ರಲ್ಲಿ ಬಂದ 2.0 ಆವೃತ್ತಿಯಿಂದ, ಮೂಲವು ಅಳಿದಾಗ ಆಶ್ರಿತವು ಅಳಿಯಬೇಕೋ, ತಡೆಯೊಡ್ಡಬೇಕೋ, ಶೂನ್ಯಸೂಚಿಯೊಡನೆ ಉಳಿಯಬೇಕೋ ಎಂಬುದನ್ನು ವಿನ್ಯಾಸಕಾರನು ಸ್ಪಷ್ಟವಾಗಿ ಬರೆಯಲೇಬೇಕು. ಖಾತೆಬದಲಾವಣೆಗೆ ಮುನ್ನ ನೋಟೀಸು ಹೊರಡಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡುವ ಕಂದಾಯದ ನಿಯಮದಲ್ಲಿರುವ ವಿವೇಕವು ಇಲ್ಲಿಯೂ ಸಲ್ಲತಕ್ಕದ್ದು: ಅಳಿಸುವ ಆಜ್ಞೆಗೆ ಮೊದಲು ಅದೇ ನಿಬಂಧನೆಯಿಂದ ಪಟ್ಟಿಯನ್ನು ತರಿಸಿ, ಎಣಿಸಿ, ಕಣ್ಣಾರೆ ಓದಬೇಕು.

ಇಲ್ಲದಿರುವುದನ್ನು ಆಧಾರವಾಗಿಟ್ಟು ಅಳಿಸುವುದು ಎಲ್ಲಕ್ಕಿಂತ ಸೂಕ್ಷ್ಮವಾದುದು. ‘ಬ್ಯಾಂಕಿನ ಚಾಲ್ತಿ ಸಾಲಗಳ ಪಟ್ಟಿಯಲ್ಲಿ ಸೇರದ ಋಣಗಳನ್ನೆಲ್ಲ ತೆಗೆ’ ಎಂದಾಗ, ಆ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆಯ ಜಾಗವು ಖಾಲಿಯಾಗಿದ್ದರೂ, ಆ ಖಾಲಿಯು ಯಾವ ಋಣದ್ದಾಗಿರಬಹುದೆಂದು ನಿರ್ಣಯಿಸಲಾರದೆ ಗಣಕವು ಒಂದು ಪಂಕ್ತಿಯನ್ನೂ ಅಳಿಸುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ‘ಸೇರಿಲ್ಲ’ ಎಂದು ಕೇಳುವ ಬದಲು ‘ಈ ಋಣಕ್ಕೆ ಹೊಂದುವ ಪಂಕ್ತಿಯು ಅಲ್ಲಿ ಉಂಟೇ’ ಎಂದು ಒಂದೊಂದನ್ನೇ ಪರೀಕ್ಷಿಸಿ, ಇಲ್ಲವಾದರೆ ಮಾತ್ರ ಅಳಿಸುವ ರೂಪದಲ್ಲಿ ಬರೆದರೆ, ತೀರಿಸಿದ ಸಾಲವು ಪಹಣಿಯಿಂದ ಇಳಿಯುತ್ತದೆ.