ಬೆಳೆಸುವವು, ತಡೆಯುವವು

ಹೈದರಾಬಾದಿನಲ್ಲಿ ಡಿಸೆಂಬರ್ ಸಂಜೆ. ಅಮೀರ್‌ಪೇಟ್‌ನ ಮೈತ್ರಿವನಂ ಮುಂದೆ ಕಾಲಿಡಲೂ ಜಾಗವಿಲ್ಲ. ಐದನೇ ಮಹಡಿಯವರೆಗೂ ಕೋಚಿಂಗ್ ಸೆಂಟರ್‌ಗಳ ಫ್ಲೆಕ್ಸ್: ಜಾವಾ, ಪೈಥಾನ್, ಡೇಟಾ ಸೈನ್ಸ್. ಕರಪತ್ರದ ಹುಡುಗರು ಕೇಳದೆಯೇ ಕೈಗೆ ತುರುಕುತ್ತಾರೆ. ಮಿರ್ಚಿ ಬಜ್ಜಿಯ ಬಾಣಲೆ ಚುರುಗುಡುತ್ತಿದೆ. ತಲೆಯ ಮೇಲೆ ಮೆಟ್ರೊ, ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಒಂದು ದಾರಿ, ನಾಗೋಲ್‌ನಿಂದ ರಾಯದುರ್ಗಕ್ಕೆ ಇನ್ನೊಂದು, ಎರಡೂ ಸೇರುವುದು ಇಲ್ಲೇ.

ಮೆಟ್ಟಿಲ ಬುಡದಲ್ಲಿ ಧೋತರ, ಬಿಳಿ ಟೋಪಿಯ ಹಿರಿಯರೊಬ್ಬರು. ಎಡಗಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ. "ಮುತ್ಯಾ, ಸಾವಕಾಶ ಬಾ" ಎಂದು ಮೊಮ್ಮಗಳು ಕೈ ಹಿಡಿದಿದ್ದಾಳೆ. ಕಲಬುರಗಿ ಕಡೆಯ ಮಾತು. ಕೇಳಿದ್ದಕ್ಕೆ, "ಶುಗರ್ ಅದರಿ. ಕಣ್ಣಾಗ ಸೂಜಿ ಹಾಕ್ಯಾರ" ಎಂದಳು. 1956ರವರೆಗೆ ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾದರೂ ದೊಡ್ಡ ದವಾಖಾನೆಯ ದಾರಿ ಬದಲಾಗಲಿಲ್ಲ.

ಸಕ್ಕರೆ ಕಾಯಿಲೆ ಹಳತಾದಂತೆ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಿಗದ ಜೀವಕೋಶಗಳು ವಿಇಜಿಎಫ್ ಎಂಬ ಪ್ರೊಟೀನನ್ನು ಸುರಿಸುತ್ತವೆ. ಅದರ ಕರೆಗೆ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಬಲವಿಲ್ಲದವು. ಸೋರುತ್ತವೆ, ಒಡೆಯುತ್ತವೆ, ದೃಷ್ಟಿಯನ್ನೇ ಮುಳುಗಿಸುತ್ತವೆ.

ಈ ಬೆಳವಣಿಗೆಯಲ್ಲಿ ರೋಗನಿರೋಧಕ ವ್ಯವಸ್ಥೆಗೂ ಕೈಯಿದೆ. ಬಿಳಿ ರಕ್ತಕಣಗಳನ್ನು ಗಾಯದತ್ತ ಕರೆಯುವ ಇಂಟರ್‌ಲ್ಯೂಕಿನ್-8 ಎಂಬ ಪ್ರೊಟೀನು ನಾಳಗಳನ್ನೂ ಬೆಳೆಸುತ್ತದೆ. ಅದೇ ಮನೆತನದ ಐಪಿ-10 ತಡೆಯುತ್ತದೆ. ದಾಯಾದಿಗಳಿಬ್ಬರು ಒಂದೇ ಹೊಲದ ಬದುವಿನಲ್ಲಿ ನಿಂತು ಒಬ್ಬ ನೀರು ಬಿಟ್ಟರೆ ಇನ್ನೊಬ್ಬ ಕಟ್ಟಿದ ಹಾಗೆ. ವ್ಯತ್ಯಾಸ ಎಲ್ಲಿ? ಪ್ರೊಟೀನಿನ ಸರಪಳಿಯ ತುದಿಯ ಹತ್ತಿರ ಗ್ಲುಟಮಿಕ್ ಆಮ್ಲ, ಲ್ಯೂಸಿನ್, ಅರ್ಜಿನಿನ್ ಎಂಬ ಮೂರು ಅಮೈನೊ ಆಮ್ಲಗಳು ಒತ್ತಾಗಿ ನಿಂತಿದ್ದರೆ ಬೆಳೆಸುವ ಗುಣ, ಇಲ್ಲದಿದ್ದರೆ ಬಹುಮಟ್ಟಿಗೆ ತಡೆಯುವ ಗುಣ. 1995ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಇಷ್ಟು ಚಿಕ್ಕ ಗುರುತು ಇಷ್ಟು ದೊಡ್ಡ ತೀರ್ಮಾನ ಮಾಡುವುದು ನನಗಂತೂ ಇನ್ನೂ ಸೋಜಿಗವೇ.

ಕಣ್ಣಿಗೆ ಹಾಕುವ ಸೂಜಿಯಲ್ಲಿರುವುದೂ ರೋಗನಿರೋಧಕ ವ್ಯವಸ್ಥೆಯದೇ ಅಸ್ತ್ರ, ಪ್ರತಿಕಾಯ ಅಥವಾ ಅದರದೊಂದು ತುಂಡು. 1993ರಲ್ಲಿ ವಿಜ್ಞಾನಿ ನೆಪೊಲಿಯೋನ್ ಫೆರಾರಾ ತಂಡ, ವಿಇಜಿಎಫ್ ಅನ್ನು ಕಟ್ಟಿಹಾಕುವ ಪ್ರತಿಕಾಯ ಕೊಟ್ಟರೆ ಇಲಿಯ ಮೈಯಲ್ಲಿ ಗೆಡ್ಡೆ ಬೆಳೆಯುವುದು ಕುಗ್ಗುತ್ತದೆಂದು ತೋರಿಸಿತು. ಅದೇ ಮುಂದೆ ಬೆವಾಸಿಜುಮ್ಯಾಬ್ ಆಗಿ, 2004ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆಯಿತು. ಅದರ ಭಾರತೀಯ ರೂಪ ತಂದ ಔಷಧ ಕಂಪನಿಗಳಲ್ಲಿ ಎರಡು ಈ ಸುತ್ತಿನವೇ: 2016ರಲ್ಲಿ ಪಕ್ಕದ ಸನತ್‌ನಗರದ ಹೆಟೆರೊ, 2019ರಲ್ಲಿ ಬಹುಕಾಲ ಅಮೀರ್‌ಪೇಟ್‌ನದೇ ವಿಳಾಸವಿದ್ದ ಡಾ. ರೆಡ್ಡೀಸ್. ನಡುವೆ 2017ರಲ್ಲಿ ಬೆಂಗಳೂರಿನ ಬಯೋಕಾನ್. ಇಷ್ಟು ಫ್ಲೆಕ್ಸ್‌ಗಳ ನಡುವೆ ಇದಕ್ಕೆ ಒಂದೂ ಇಲ್ಲ. ಪ್ರತಿಕಾಯ ಕಲಿಸುವುದಕ್ಕೆ ನಲವತ್ತೈದು ದಿನದ ಕೋರ್ಸ್ ಸಾಲದೇನೋ.

ಕ್ಯಾನ್ಸರ್‌ಗೆಂದು ಬಂದದ್ದನ್ನು 2005ರಿಂದ ಕಣ್ಣಿನ ವೈದ್ಯರು ತಮ್ಮ ವಿವೇಚನೆಯ ಮೇಲೆ ಬಳಸತೊಡಗಿದರು. ನಾಲ್ಕು ಎಂಎಲ್‌ನ ಸೀಸೆಯಲ್ಲಿ ಒಂದು ಕಣ್ಣಿಗೆ ಬೇಕಾದದ್ದು 0.05 ಎಂಎಲ್. ಒಂದು ಸೀಸೆ ಹಲವರಿಗೆ ಸಾಲುವುದರಿಂದ ಖರ್ಚು ಬಡವರ ಕೈಗೂ ಎಟುಕಿತು. ಹಂಚಿ ತುಂಬುವಾಗ ಸೋಂಕು ತಗಲದಂತೆ ಕಾಯುವ ಹೊಣೆಯೂ ಅದರ ಬೆನ್ನಿಗೇ ಬಂತು.

ಸೂಜಿಯ ಮದ್ದು ಕೆಲವು ವಾರಗಳಲ್ಲಿ ಕಣ್ಣಿನಿಂದ ಕರಗಿಹೋಗುತ್ತದೆ. ಅಕ್ಷಿಪಟಲ ವಿಇಜಿಎಫ್ ಸುರಿಸುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಹಾಗಾಗಿ ಮೊದಮೊದಲು ಸಾಮಾನ್ಯವಾಗಿ ತಿಂಗಳಿಗೊಂದು ಸೂಜಿ.

"ಮುಂದಿನ ತಿಂಗಳ ಮತ್ತ ಬರಬೇಕಂತ, ಮುತ್ಯಾ."

"ತೊಗರಿ ರಾಶಿ ಅದಲ್ಲವ್ವ?"

"ರಾಶಿ ಅಪ್ಪ ನೋಡ್ತಾನ ಬಿಡು."