29 ಅಂದ್ರ ನಮ್ಮೂರು

ಪುಣೆಯ ನಮ್ಮ ಅಕೌಂಟ್ಸ್ ವಿಭಾಗದಲ್ಲಿ ಕನ್ನಡ ಮಾತನಾಡುವವರು ಇಬ್ಬರೇ. ನಾನು ಹಾಸನದ ಕಡೆಯವನು, ಅಕ್ಕ ವಿಜಯಪುರದವರು. ಈ ಶುಕ್ರವಾರದ ನಂತರ ನಾನೊಬ್ಬನೇ. ಅಕ್ಕ ಹೈದರಾಬಾದಿನ ಹೊಸ ಕೆಲಸಕ್ಕೆ ಹೊರಟಿದ್ದಾರೆ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು. ನಾನು ಕೆಲಸಕ್ಕೆ ಸೇರಿದ್ದೂ ಅದೇ ತಿಂಗಳು. ವ್ಯಾಟ್ ಓದಿಕೊಂಡು ಬಂದವನಿಗೆ ಎಲ್ಲವೂ ಹೊಸದು. ಸಾಲದ್ದಕ್ಕೆ ಸುತ್ತಲೂ ಮರಾಠಿ. ಮೊದಲ ದಿನ ಡಬ್ಬಿ ಹಿಡಿದು ಮೂಲೆಯಲ್ಲಿ ಕೂತಿದ್ದೆ. ‘ಹಾಸನದವನಂತ ನೀನು? ಬಾ ತಮ್ಮಾ, ಇಲ್ಲಿ ಕೂಡು’ ಎಂದು ಕರೆದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟರು. ಅವರ ಕನ್ನಡ ಅರ್ಧ ಅರ್ಥವಾಗಲಿಲ್ಲ. ರೊಟ್ಟಿ ಪೂರ್ತಿ ಅರ್ಥವಾಯಿತು.

ಕೆಲವೇ ತಿಂಗಳಲ್ಲಿ ದೊಡ್ಡ ಎಡವಟ್ಟು ಮಾಡಿದೆ. ಬೆಳಗಾವಿಯ ಗ್ರಾಹಕರೊಬ್ಬರ ಬಿಲ್‌ಗಳಿಗೆ ಐಜಿಎಸ್‌ಟಿ ಬದಲು, ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿಬಿಟ್ಟಿದ್ದೆ. ಗೊತ್ತಾಗುವಷ್ಟರಲ್ಲಿ 3ಬಿ ರಿಟರ್ನ್ ಸಲ್ಲಿಕೆಯಾಗಿತ್ತು. ಸಲ್ಲಿಸಿದ 3ಬಿಯನ್ನು ತಿದ್ದಲು ಬರುವುದಿಲ್ಲ. ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ವಾಪಸ್ ಕೇಳಬೇಕು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಯಾರಿಗೂ ಹೇಳದೆ ಸುಮ್ಮನಿದ್ದುಬಿಡೋಣ ಎನ್ನಿಸಿತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಹೇಳಿದೆ.

‘ಕನ್ನಡದಾಂವ ಆಗಿ ಬೆಳಗಾವಿನ ಮಹಾರಾಷ್ಟ್ರಕ್ಕ ಕೊಟ್ಟಿಯಲ್ಲೋ!’ ಎಂದು ಮೊದಲು ನಕ್ಕರು. ಆಮೇಲೆ, ‘ತಪ್ಪು ಮಾಡಿದ್ದು ದೊಡ್ಡದಲ್ಲ ತಮ್ಮಾ, ಮುಚ್ಚಿಟ್ಟಿ ಅಂದ್ರ ದೊಡ್ಡದಾಗ್ತದ. ನಡಿ’ ಎಂದು ಮ್ಯಾನೇಜರ್ ಬಳಿ ಕರೆದೊಯ್ದರು. ನಾನು ತಪ್ಪು ಒಪ್ಪಿಕೊಂಡೆ. ಪಕ್ಕದಲ್ಲೇ ನಿಂತಿದ್ದ ಅಕ್ಕ, ಹೊರರಾಜ್ಯದ ಬಿಲ್ ಹೇಗೆಂದು ತೋರಿಸಿಕೊಡದೆ ಕೆಲಸ ಒಪ್ಪಿಸಿದವಳು ನಾನು, ಬೈಯುವುದಿದ್ದರೆ ಇಬ್ಬರಿಗೂ ಬೈಯಿರಿ ಎಂದು ಮರಾಠಿಯಲ್ಲಿ ಹೇಳಿದರು. ಇಬ್ಬರಿಗೂ ಬೈಗುಳ ಬಿತ್ತು. ನನ್ನ ಕೆಲಸ ಉಳಿಯಿತು.

ಅವತ್ತೇ ಒಂದು ಪಾಠವನ್ನೂ ಹೇಳಿಕೊಟ್ಟರು: ‘ಜಿಎಸ್‌ಟಿ ನಂಬರಿನ ಮೊದಲಿನ ಎರಡು ಅಂಕಿ ನೋಡು. 27 ಅಂದ್ರ ಮಹಾರಾಷ್ಟ್ರ, 29 ಅಂದ್ರ ನಮ್ಮೂರು.’ ಇವತ್ತಿಗೂ ಬಿಲ್‌ನಲ್ಲಿ 29 ಕಂಡರೆ ಒಂದು ಕ್ಷಣ ಕೈ ನಿಲ್ಲುತ್ತದೆ.

ನೋಟಿಸ್ ಅವಧಿಯಲ್ಲಿ ಅಕ್ಕ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಯಾವ ಫೈಲು ಎಲ್ಲಿದೆ, 11ನೇ ತಾರೀಖಿನೊಳಗೆ ಏನು, 20ರೊಳಗೆ ಏನು, ಎಲ್ಲವೂ ಇದೆ. ಹೊಸಬ ತಪ್ಪು ಮಾಡಿ ಹೆದರಿ ನಿಂತಾಗ ಏನು ಮಾಡಬೇಕು ಎಂಬುದು ಮಾತ್ರ ಅದರಲ್ಲಿಲ್ಲ. ಅದನ್ನು ನನಗೆ ಮೊದಲೇ ಕಲಿಸಿದ್ದಾರೆ. ಸೋಮವಾರ ನಾಂದೇಡದ ಹುಡುಗನೊಬ್ಬ ಸೇರುತ್ತಿದ್ದಾನೆ. ಕನ್ನಡ ಬಾರದಿದ್ದರೇನು, ಊಟಕ್ಕೆ ಕರೆಯುವಷ್ಟು ಮರಾಠಿ ನನಗೆ ಬರುತ್ತದೆ.

ತೆಲಂಗಾಣದ ಸಂಖ್ಯೆ 36. ಅಕ್ಕ 27ರಿಂದ 36ಕ್ಕೆ ಹೊರಟಿದ್ದಾರೆ. ಅವರು ಹತ್ತುವ ರೈಲು ಸೊಲ್ಲಾಪುರ ದಾಟಿ ಕಲಬುರಗಿ, ವಾಡಿಯ ಮೇಲೇ ಹೋಗುತ್ತದೆ. ನಡುವೆ ನಮ್ಮ 29 ಸಿಕ್ಕೇ ಸಿಗುತ್ತದೆ. ಹೋಗಿ ಬನ್ನಿ ಅಕ್ಕಾ.